ಹಿಮ ಬೀಳದ ಊರಿನ ಚಳಿಗಾಲ

ಮಿನಿಯಾಪೊಲಿಸ್‌ನ ಹಿಮದಲ್ಲಿ ಎರಡು ಚಳಿಗಾಲ ಕಾರು ಓಡಿಸಿದ ನನಗೆ ನಮ್ಮ ಬನಶಂಕರಿ ಜಾತ್ರೆಯ ದಾರಿಯೇ ಹೆಚ್ಚು ಭಯ ಅಂದ್ರೆ ನಗ್ತೀರೇನೋ. ಲೆಕ್ಕ ಹಾಕಿಯೇ ಹೇಳ್ತಿದೀನಿ :)

ಗಂಟೆಗೆ 60 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 20 ಮೀಟರ್ ಹೋಗಿ ನಿಲ್ಲುತ್ತೆ. ಗಟ್ಟಿಯಾದ ಹಿಮದ ಮೇಲೆ 70 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿಗೆ ಇನ್ನೊಂದು 17 ಮೀಟರ್ ಸೇರಿಸಿ. ಅದಕ್ಕೇ ಅಲ್ಲಿ ಎಲ್ಲರೂ ನಿಧಾನ. ಮುಂದಿನ ಗಾಡಿಯಿಂದ ದೂರ, ಸ್ಟೀರಿಂಗ್ ಮೃದುವಾಗಿ. ಬಿಳಿ ರಸ್ತೆಯೇ ಹೆದರಿಸಿ ಬುದ್ಧಿ ಕಲಿಸುತ್ತೆ.

ನಮ್ಮ ರಸ್ತೆ ಹೆದರಿಸೋದಿಲ್ಲ. ಪುಷ್ಯದ ಬನದ ಹುಣ್ಣಿಮೆಗೆ ಜಾತ್ರೆ. ಅದೇ ಕಾಲಕ್ಕೆ ಜಿಲ್ಲೆಯಲ್ಲೆಲ್ಲ ಕಬ್ಬಿನ ಸುಗ್ಗಿ. ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರೇಲರುಗಳು, ಚಕ್ಕಡಿಗಳು, ರಾತ್ರಿಯೆಲ್ಲ ಕಂಪನಿ ನಾಟಕ ನೋಡಿ ನಿದ್ದೆಗಣ್ಣಲ್ಲಿ ಹೊರಟವರು... ಡಿಮ್ ಲೈಟಿಗೆ ಕಾಣೋದು ಹೆಚ್ಚುಕಡಿಮೆ 40 ಮೀಟರ್, ಮಂಜಿದ್ರೆ ಅದೂ ಇಲ್ಲ. 80ರ ವೇಗದಲ್ಲಿ ನಿಲ್ಲೋಕೆ ಬೇಕಾಗೋದು 58. ಉಳಿದ 18 ಮೀಟರಿನಲ್ಲಿ ಯಾರಿದ್ದಾರೆ?

ನಮ್ಮವ್ವ ಇರಬಹುದು. ಪ್ರತಿ ವರ್ಷ ಕಾಕಾನ ಟ್ರ್ಯಾಕ್ಟರಿನಲ್ಲೇ ಆಕೆ ಜಾತ್ರೆಗೆ ಹೋಗೋದು.

ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲುವಷ್ಟೇ ವೇಗ. ಹಿಮಕ್ಕೂ ಇದೇ ಸೂತ್ರ, ಬಾದಾಮಿ ರಸ್ತೆಗೂ ಇದೇ.

ಕಳೆದ ಸಲ ಊರಿಗೆ ಹೋದಾಗ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು ಅಂಟಿಸಿದೆ.

"ಏನಪಾ, ಗಾಡಿಗೂ ಕುಂಕುಮ ಹಚ್ಚೀಯಲ್ಲ" ಅಂತ ಅವ್ವ ನಕ್ಕಳು.

"ಇರ್ಲಿ ಬಿಡವ್ವಾ. ಹಿಂದ ಬರಾವಗ ಕಾಣ್ಬೇಕು."