ಕೈಗಾದ ವಿದ್ಯುತ್ತು ಮತ್ತು ಅನರ್ಥದಂಡ ವಿರತಿ

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಇವು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಶ್ರಾವಕರ ಮನೆಗಳಲ್ಲಿ ಇಂದಿಗೂ ಉಳಿದಿರುವ ಆಚಾರಗಳು. ಅಡುಗೆಮನೆಯ ಹಿಂಸೆಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ನಾವು, ಗುಂಡಿ ಒತ್ತಿದೊಡನೆ ಬೆಳಗುವ ದೀಪದ ಮೂಲವನ್ನು ವಿಚಾರಿಸುವುದು ವಿರಳ.

ನಮ್ಮ ಜಿಲ್ಲೆಯ ಪಶ್ಚಿಮಕ್ಕೆ, ಉತ್ತರ ಕನ್ನಡದ ಕಾಡಿನಲ್ಲಿ, ಕಾಳಿ ನದಿಯ ದಂಡೆಯ ಮೇಲೆ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸಚಿವ ಸಂಪುಟವು 2017ರಲ್ಲಿ ಒಪ್ಪಿಗೆ ನೀಡಿತು. ಅನೇಕಾಂತವನ್ನು ಒಪ್ಪಿದವರು ಇದರ ಎರಡೂ ಪಕ್ಷಗಳನ್ನು ನೋಡಬೇಕು.

ಗುಣಪಕ್ಷವು ಅಲ್ಪವಲ್ಲ. ಕಲ್ಲಿದ್ದಲನ್ನು ಉರಿಸುವ ರಾಯಚೂರಿನ ಸ್ಥಾವರದಂತೆ ಇಲ್ಲಿ ಹೊಗೆಯಿಲ್ಲ, ಹಾರುಬೂದಿಯಿಲ್ಲ. ಕೈಗಾದ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು.

ದೋಷಪಕ್ಷವೂ ಅಷ್ಟೇ ಸತ್ಯ. 1994ರ ಮೇ ತಿಂಗಳಲ್ಲಿ, ನಿರ್ಮಾಣದ ಹಂತದಲ್ಲಿದ್ದ ಘಟಕವೊಂದರ ಗುಮ್ಮಟದ ಒಳಭಾಗ ಕುಸಿಯಿತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ಹಲವು ಕಾರ್ಮಿಕರ ದೇಹವನ್ನು ಸೇರಿತು. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತಿದ್ದರು.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬಳಸಿದ ಇಂಧನ. ಅದರಲ್ಲಿರುವ ಪ್ಲುಟೋನಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 24,000 ವರ್ಷಗಳು ಬೇಕು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಗೆ ಸಾವಿರದ ಮೇಲೆ ಕೆಲವೇ ದಶಕಗಳಾಗಿವೆ. ಇನ್ನೂ ಹುಟ್ಟದ ಜೀವಿಗಳ ತಲೆಯ ಮೇಲೆ, ಅವರನ್ನು ಕೇಳದೆ, ಈ ಭಾರವನ್ನು ಹೊರಿಸುವುದು ಯಾವ ನ್ಯಾಯ?

ಹಾಗೆಂದು ವಿದ್ಯುತ್ತನ್ನೇ ತ್ಯಜಿಸಲು ಗೃಹಸ್ಥರಿಗೆ ಸಾಧ್ಯವಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳು ನಿಂತರೆ ಮೆಣಸಿನಕಾಯಿಯ ಬಣ್ಣ ಕೆಡುತ್ತದೆ. ರೈತನ ವರ್ಷದ ದುಡಿಮೆ ಹಾಳಾಗುತ್ತದೆ. ಶ್ರಾವಕಾಚಾರವು ಇಲ್ಲಿ ದಾರಿ ತೋರುತ್ತದೆ. ಜೀವನಕ್ಕೆ ಅನಿವಾರ್ಯವಾದ ಹಿಂಸೆ ಬೇರೆ, ಪ್ರಯೋಜನವಿಲ್ಲದ ಹಿಂಸೆ ಬೇರೆ. ಎರಡನೆಯದರಿಂದ ದೂರವಿರುವುದೇ ಅನರ್ಥದಂಡ ವಿರತಿ. ರಾತ್ರಿ ಉಣ್ಣದ ನಾವು, ಹಬ್ಬ ಬಂದಾಗ ಬಸದಿಗೆ ಬೆಳಗಿನವರೆಗೆ ದೀಪದ ಸರಗಳನ್ನು ಉರಿಸಿ, ಅದರ ಸುತ್ತ ಸಾಯುವ ಹುಳುಗಳನ್ನು ಮುಂಜಾನೆ ಗುಡಿಸುವುದು ಯಾವ ಅರ್ಥಕ್ಕೆ?

ಕೈಗಾ ಇರಬೇಕೋ ಬೇಡವೋ ಎಂಬುದನ್ನು ನಾವೊಬ್ಬರೇ ನಿರ್ಧರಿಸಲಾರೆವು. ನಮ್ಮ ಬೇಡಿಕೆಯ ಮಿತಿಯನ್ನು ಮಾತ್ರ ನಾವೇ ನಿರ್ಧರಿಸಬಲ್ಲೆವು. ಬಸದಿಗಳ ಟ್ರಸ್ಟುಗಳು ಈ ಚಾತುರ್ಮಾಸದ ಸಭೆಯಲ್ಲಿ ವರ್ಷದ ವಿದ್ಯುತ್ ಬಿಲ್ಲುಗಳನ್ನು ಎಲ್ಲರೆದುರು ಓದಿ, ಅದರಲ್ಲಿ ಪೂಜೆಗೆಷ್ಟು, ಪ್ರದರ್ಶನಕ್ಕೆಷ್ಟು ಎಂದು ಲೆಕ್ಕ ಹಾಕಲಿ ಎಂದು ವಿನಂತಿಸುತ್ತೇನೆ.