ಅರ್ಧ ಗಂಟೆಯ ಲೆಕ್ಕ

ಸಾಗರಗಳನ್ನು ದಾಟುವ ವಿಮಾನಚಾಲಕರಿಗೆ ಎರಡು ಊರುಗಳ ವೇಳೆ ಏಕಕಾಲದಲ್ಲಿ ತಿಳಿಯಬೇಕೆಂದು 1950ರ ದಶಕದಲ್ಲಿ ರೋಲೆಕ್ಸ್ ಸಂಸ್ಥೆಯು ಜಿಎಂಟಿ-ಮಾಸ್ಟರ್ ಎಂಬ ಕೈಗಡಿಯಾರವನ್ನು ರೂಪಿಸಿತು. ದಿನಕ್ಕೊಂದೇ ಸುತ್ತು ಬರುವ ನಾಲ್ಕನೆಯ ಮುಳ್ಳು, ಅಂಚಿನ 24 ಗಂಟೆಗಳ ಗುರುತಿನ ಮೇಲೆ ಪರಸ್ಥಳದ ಗಂಟೆಯನ್ನು ತೋರುತ್ತದೆ. ಅಂಚಿನ ಕೆಂಪು ಹಗಲು, ನೀಲಿ ಇರುಳು.

ಲಂಡನ್ನಿನಲ್ಲಿರುವ ಮಗನು ಕೊಡಿಸಿಯೇ ತೀರುವೆನೆಂದು ಹಟ ಹಿಡಿದುದರಿಂದ ಅದರ ಈಚಿನ ಮಾದರಿಯೊಂದನ್ನು ತೊಟ್ಟು ನೋಡಿದೆನು. ಉಕ್ಕಿನ ತೂಕ ಹಿತವಾಗಿತ್ತು. ತಾರೀಖಿನ ಮೇಲಿನ ಭೂತಗನ್ನಡಿ ವಯಸ್ಸಾದ ಕಣ್ಣಿಗೆ ಉಪಕಾರಿ. ಕೆಲಸಗಾರಿಕೆಯಲ್ಲಿ ಲೋಪವಿಲ್ಲ, ಒಳ್ಳೆಯ ಸರಕನ್ನು ಹೀಗಳೆಯುವುದು ವರ್ತಕನಿಗೆ ತಕ್ಕುದಲ್ಲ.

ಆದರೆ ನಮ್ಮ ವೇಳೆ ಗ್ರೀನಿಚ್ಚಿಗಿಂತ 5 ಗಂಟೆ 30 ನಿಮಿಷ ಮುಂದು. ಆ ಮುಳ್ಳು ಪೂರ್ಣ ಗಂಟೆಗಳ ಅಂತರವನ್ನಷ್ಟೇ ಬಲ್ಲದು. ನಿಮಿಷದ ಮುಳ್ಳು ಎರಡೂ ಊರಿಗೆ ಒಂದೇ. ಉಳಿದ ಅರ್ಧ ಗಂಟೆಯನ್ನು ತೊಟ್ಟವನೇ ಮನಸ್ಸಿನಲ್ಲಿ ಕೂಡಿ ಕಳೆಯಬೇಕು. ಅಷ್ಟು ಹಣ ತೆತ್ತ ಮೇಲೂ ಲೆಕ್ಕ ನನ್ನ ಪಾಲಿಗೇ ಉಳಿಯುವುದಾದರೆ ಅದು ನನಗೊಪ್ಪುವ ವ್ಯಾಪಾರವಲ್ಲ. ಬೇಡವೆಂದೆನು. ಬೆಲೆಯಲ್ಲ, ಮುಳ್ಳೇ ಕಾರಣವೆಂದರೆ ಮಗನು ನಂಬಲಿಲ್ಲ. ಅವನ ಮುಖ ಬಾಡಿದುದು ನನ್ನನ್ನು ಬಹಳ ದಿನ ಕಾಡಿತು.

ಸೋಜಿಗವೆಂದರೆ, ಅಂಕಗಳ ಬದಲು ಗೆರೆಗಳಿರುವ ನನ್ನ ಹಳೆಯ ಎಚ್‌ಎಂಟಿಯನ್ನು ತಲೆಕೆಳಗಾಗಿ ಹಿಡಿದರೆ ಗ್ರೀನಿಚ್ ವೇಳೆ ತಾನಾಗಿಯೇ ಕಾಣುತ್ತದೆ. ಇಲ್ಲಿ ಹನ್ನೆರಡಾದಾಗ ಮುಳ್ಳುಗಳೆರಡೂ ಕೆಳಮುಖವಾಗಿ ಆರೂವರೆ ಎನ್ನುತ್ತವೆ. ಗಂಟೆಯ ಮುಳ್ಳು ತುಸು ಹಿಂದುಳಿದರೂ ನಿಮಿಷ ತಪ್ಪದು. ಬೇಸಿಗೆಯಲ್ಲಿ ಲಂಡನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಮಾತ್ರ ಒಂದನ್ನು ಕೂಡಿಕೊಳ್ಳಬೇಕು.