ಇಲ್ಲದ ಊರಿಗೆ ದಾರಿ

ನಮ್ಮ ವಯಸ್ಸಿನ ಹೆಂಗಸರು ಕಾದಂಬರಿ ಓದುತ್ತಾರೆಂದರೆ ಯಾರಿಗೂ ಆಶ್ಚರ್ಯವಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ ಇವರನ್ನು ಓದಿಕೊಂಡೇ ಬೆಳೆದವರು ನಾವು. ಆದರೆ ಆಕಾಶದಲ್ಲಿ ಎರಡು ಚಂದ್ರರು, ಮಾತಾಡುವ ಕೃತಕ ಹಕ್ಕಿ, ಭೂಪಟದಲ್ಲೇ ಇಲ್ಲದ ಸಾಮ್ರಾಜ್ಯ, ಇಂಥ ಪುಸ್ತಕದ ಮೇಲೆ ಐವತ್ತು ದಾಟಿದ ಮೇಷ್ಟ್ರಮ್ಮನಿಗೆ ಮೋಹ ಹುಟ್ಟಿದೆ ಎಂದರೆ ಸ್ಟಾಫ್ ರೂಮಿನಲ್ಲಿ ನಗದೆ ಇರುತ್ತಾರೆಯೆ? "ಇದೆಲ್ಲ ಮಕ್ಕಳು ಓದೋದಲ್ವಾ ಮೇಡಂ?" ಎಂದರು ಒಬ್ಬರು. ಅಲ್ಲ ಎಂದು ಹೇಳುವುದಕ್ಕೇ ಈ ಬರಹ.

ಪುಸ್ತಕದ ಹೆಸರು 'ಸೈಲಿಂಗ್ ಟು ಸರಾಂಟಿಯಮ್'. ಬರೆದವರು ಕೆನಡಾದ ಗೈ ಗ್ಯಾವ್ರಿಯಲ್ ಕೇ. ಇದು ಬಂದದ್ದು 1998ರಲ್ಲಿ. ಇದರ ಮುಂದಿನ ಭಾಗ 'ಲಾರ್ಡ್ ಆಫ್ ಎಂಪರರ್ಸ್' 2000ದಲ್ಲಿ. ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಹಸ್ತಪ್ರತಿಗಳಿಂದ 'ದಿ ಸಿಲ್ಮರಿಲಿಯನ್' ಸಿದ್ಧವಾಗಿ 1977ರಲ್ಲಿ ಹೊರಬಂತಲ್ಲ, ಆ ಕೆಲಸದಲ್ಲಿ ಅವರ ಮಗನಿಗೆ ನೆರವಾದವರು ಇದೇ ಕೇ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ.

ಸರಾಂಟಿಯಮ್ ಎಂಬ ಊರು ಎಲ್ಲಿಯೂ ಇಲ್ಲ. ಆದರೆ ಅದು ಯಾವುದೆಂದು ನಾಲ್ಕು ಪುಟ ಓದುವಷ್ಟರಲ್ಲಿ ತಿಳಿಯುತ್ತದೆ: ಇಂದಿನ ಇಸ್ತಾಂಬುಲ್, ಅಂದಿನ ಕಾನ್‌ಸ್ಟಾಂಟಿನೋಪಲ್. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ವಶಪಡಿಸಿಕೊಂಡರು, ಯುರೋಪಿಯನ್ನರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದರು ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! ಎರಡು ಅಂಕದ ಪ್ರಶ್ನೆ. ಕ್ರಿ.ಶ. 330ರಲ್ಲಿ ರಾಜಧಾನಿಯಾದ ಊರು ಸಾವಿರ ವರ್ಷಕ್ಕೂ ಹೆಚ್ಚು ಹೇಗೆ ಬದುಕಿತು ಎಂಬುದು ನಮ್ಮ ಪಾಠದಲ್ಲಿಲ್ಲ, ಬಿದ್ದದ್ದು ಮಾತ್ರ ಇದೆ. ಆ ಬದುಕು ನನಗೆ ಸಿಕ್ಕಿದ್ದು ಈ ಕಾದಂಬರಿಯಲ್ಲಿ.

ಕಥಾನಾಯಕ ರಾಜಕುಮಾರನಲ್ಲ, ವೀರನೂ ಅಲ್ಲ. ಕ್ರಿಸ್ಪಿನ್ ಎಂಬ ಕುಶಲಕರ್ಮಿ. ಬಣ್ಣದ ಗಾಜಿನ ಚೂರುಗಳನ್ನು ಗೋಡೆಗೆ ಒತ್ತಿ ಚಿತ್ರ ಕೂರಿಸುವ ಮೊಸಾಯಿಕ್ ಕೆಲಸದವನು. ಪ್ಲೇಗಿನಲ್ಲಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡು ಬದುಕಿನ ರುಚಿಯೇ ಸತ್ತುಹೋದವನು. ಚಕ್ರವರ್ತಿ ಕಟ್ಟಿಸುತ್ತಿರುವ ಮಹಾಮಂದಿರದ ಗುಮ್ಮಟವನ್ನು ಅಲಂಕರಿಸಲು ಬಾ ಎಂದು ಕರೆ ಬರುವುದು ಇವನ ಹಿರಿಯ ಜೊತೆಗಾರನಿಗೆ. ಅವನು ತಾನು ಹೋಗದೆ ಇವನನ್ನು ಹೊರಡಿಸುತ್ತಾನೆ. ಹೆಸರಿನಲ್ಲೇನೋ ಸಮುದ್ರಯಾನವಿದೆ, ಆದರೆ ಹಡಗು ಹೊರಡುವ ಕಾಲ ಮುಗಿದಿರುವುದರಿಂದ ಇವನು ಹೋಗುವುದು ನೆಲದ ಮೇಲೆಯೇ!

ಮಂದಿರವೂ ನಿಜದ್ದೇ, ಹಾಗಿಯಾ ಸೋಫಿಯಾ. 532ರಲ್ಲಿ ರಾಜಧಾನಿಯಲ್ಲಿ ದೊಡ್ಡ ದಂಗೆಯೆದ್ದು ಹಳೆಯ ಚರ್ಚು ಸುಟ್ಟುಹೋಯಿತು. ಅದೇ ವರ್ಷ ಜಸ್ಟೀನಿಯನ್ ಚಕ್ರವರ್ತಿ ಹೊಸದನ್ನು ಶುರುಮಾಡಿಸಿ 537ರಲ್ಲಿ ಮುಗಿಸಿದ. ಗುಮ್ಮಟದ ಅಗಲ ಸುಮಾರು 31 ಮೀಟರ್. 558ರಲ್ಲಿ ಅದು ಕುಸಿದಾಗ ಮತ್ತೆ ಕಟ್ಟಿದರು. ಚರ್ಚಾಗಿದ್ದದ್ದು 1453ರಲ್ಲಿ ಮಸೀದಿಯಾಗಿ, 1930ರ ದಶಕದಲ್ಲಿ ಮ್ಯೂಸಿಯಮ್ ಆಗಿ, 2020ರಲ್ಲಿ ಮತ್ತೆ ಮಸೀದಿಯಾಯಿತು.

ನನ್ನನ್ನು ಹಿಡಿದು ಕೂರಿಸಿದವಳು ರಾಣಿ. ಕಾದಂಬರಿಯಲ್ಲಿ ಅಲಿಕ್ಸಾನಾ, ಚರಿತ್ರೆಯಲ್ಲಿ ಥಿಯೊಡೋರಾ. ಆಟದ ಬಯಲಿನಲ್ಲಿ ಕರಡಿ ಸಾಕುವವನ ಮಗಳು, ರಂಗದ ಮೇಲೆ ಕುಣಿದವಳು. ಅವಳನ್ನು ಮದುವೆಯಾಗಲು ಕಾನೂನನ್ನೇ ಬದಲಾಯಿಸಬೇಕಾಯಿತು. ದಂಗೆಯ ದಿನ ಗಂಡ ಊರು ಬಿಟ್ಟು ಓಡಲು ಸಿದ್ಧನಾದಾಗ ಬೇಡವೆಂದು ತಡೆದವಳು ಅವಳೇ ಎಂದು ಪ್ರೊಕೋಪಿಯಸ್ ಎಂಬ ಅಂದಿನ ಇತಿಹಾಸಕಾರ ಬರೆದಿದ್ದಾನೆ. ಅದೇ ಮನುಷ್ಯ ಇನ್ನೊಂದು ಪುಸ್ತಕವನ್ನು ಗುಟ್ಟಾಗಿ ಬರೆದಿಟ್ಟ. ಅದರಲ್ಲಿ ಅವಳ ಬಗ್ಗೆ ಬಾಯಲ್ಲಿ ಹೇಳಲಾಗದ ಹೊಲಸೆಲ್ಲ ತುಂಬಿದೆ. ಬಲವಂತವಾಗಿ ಮೈ ಮಾರಿಕೊಳ್ಳುತ್ತಿದ್ದ ಹೆಂಗಸರಿಗೆ ಅವಳು ಗಂಡನೊಡನೆ ಸೇರಿ ಆಶ್ರಯ ಕಟ್ಟಿಸಿದ್ದೂ ಗೊತ್ತಿರುವುದು ಅವನ ಬರಹದಿಂದಲೇ. ಎದುರಿಗೆ ಹೊಗಳುವುದು, ಬೆನ್ನ ಹಿಂದೆ ಮಸಿ ಬಳಿಯುವುದು! ಹೆಣ್ಣೊಬ್ಬಳು ಮೇಲೆ ಬಂದಳೆಂದರೆ ಅವಳು ಏನು ಮಾಡಿದಳು ಎಂದು ಕೇಳುವವರಿಗಿಂತ, ಮೊದಲು ಏನಾಗಿದ್ದಳು ಎಂದು ಕೆದಕುವವರೇ ಹೆಚ್ಚು. ಇದನ್ನು ತಿಳಿಯಲು ನಾವೇನೂ ಆರನೆಯ ಶತಮಾನಕ್ಕೆ ಹೋಗಬೇಕಾಗಿಲ್ಲ. ಕೇ ಆ ಬರಹಗಾರನನ್ನೂ ಬೇರೆ ಹೆಸರಿನಲ್ಲಿ ಕಥೆಯೊಳಗೆ ತಂದು, ಅವನ ಬರಹ ಹುಟ್ಟಿದ್ದು ಎಂಥ ಮನಸ್ಸಿನಿಂದ ಎಂದು ತೋರಿಸುತ್ತಾರೆ. ಅದನ್ನು ಓದಿದಾಗ ನನಗೆ ಯಾರೋ ನ್ಯಾಯ ಕೊಟ್ಟಂತಾಯಿತು.

ಹೆಸರುಗಳನ್ನು ಬದಲಾಯಿಸಿದ್ದೇಕೆ ಎಂದು ಮೊದಲು ನನಗೂ ಅನಿಸಿತ್ತು. ಓದುತ್ತಾ ಅದರ ಲಾಭ ತಿಳಿಯಿತು. ಚರಿತ್ರೆ ಪಾಠ ಹೇಳುವವಳಾದ ನನಗೂ ಮುಂದೇನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಜಸ್ಟೀನಿಯನ್ ಹೇಗೆ ಸತ್ತ ಎಂಬ ಜ್ಞಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆಗೆ ಕೂತ ಮಕ್ಕಳ ಹಾಗೆ ನಾನೂ ಪುಟ ತಿರುಗಿಸಿದೆ.

ದೋಷವಿಲ್ಲವೆಂದಲ್ಲ. ಮೊದಲ ಐವತ್ತು ಪುಟ ಹೆಸರುಗಳ ಸಂತೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡೇ ದಾಟಿದೆ. ಎದುರಾಗುವ ಹೆಂಗಸರೆಲ್ಲ ಮಹಾ ಸುಂದರಿಯರು, ಮಹಾ ಜಾಣೆಯರು, ಅವರೆಲ್ಲರ ಕಣ್ಣೂ ಈ ಕೆಂಗೂದಲ ಕೆಲಸಗಾರನ ಮೇಲೆಯೇ! ಬರೆದವರು ಗಂಡಸರಲ್ಲವೆ, ಕ್ಷಮಿಸಿಬಿಡೋಣ.

ತೀರಿಕೊಂಡ ತನ್ನವರ ಮುಖಗಳನ್ನೂ ಆ ಗುಮ್ಮಟದಲ್ಲಿ ಉಳಿಸಬೇಕು ಎಂಬುದು ಕ್ರಿಸ್ಪಿನ್‌ನ ಆಸೆ. ದುಃಖಕ್ಕೆ ಅವನು ಕಂಡುಕೊಂಡ ಮದ್ದು ಅದೊಂದೇ. ಆದರೆ ಗೋಡೆ ಇರುವುದು ದೊರೆಗಳ ಕೈಯಲ್ಲಿ. ದೊರೆ ಬದಲಾದರೆ ಗೋಡೆಯ ಗತಿ ಏನು? ಅದನ್ನು ಹೇಳಿದರೆ ನಿಮ್ಮ ಓದಿನ ಸುಖ ಕಸಿದಂತಾಗುತ್ತದೆ. ಇಷ್ಟು ಹೇಳಬಲ್ಲೆ: ಬೆಳಗಿನ ರಂಗೋಲಿ ಸಂಜೆಗಿಲ್ಲ, ಬೋರ್ಡಿನ ಮೇಲೆ ಬರೆದದ್ದು ಮುಂದಿನ ಪೀರಿಯಡ್ಡಿಗಿಲ್ಲ, ಹೀಗೆ ಅಳಿಸಿಹೋಗುವ ಕೆಲಸವನ್ನೇ ಬದುಕಿಡೀ ಮಾಡಿದ ನನ್ನಂಥವರಿಗೆ ಆ ಕೊನೆಯ ಭಾಗ ಓದುವಾಗ ಕಣ್ಣು ಮಂಜಾಗದೆ ಇರದು.

ಇಟಲಿಯ ರಾವೆನ್ನಾದಲ್ಲಿ ಸ್ಯಾನ್ ವಿಟಾಲೆ ಎಂಬ ಚರ್ಚಿದೆ. 547ರಲ್ಲಿ ಅದರ ಪ್ರತಿಷ್ಠೆಯಾಯಿತು. ಮರುವರ್ಷ ಥಿಯೊಡೋರಾ ತೀರಿಕೊಂಡಳು. ಅದರ ಒಳಗೋಡೆಯ ಮೇಲೆ ಅವಳು ಇಂದಿಗೂ ನಿಂತಿದ್ದಾಳೆ. ಮೈತುಂಬ ಮುತ್ತು, ಕೈಯಲ್ಲಿ ಬಂಗಾರದ ಪಾತ್ರೆ, ಪಕ್ಕದಲ್ಲಿ ಸಖಿಯರು. ಚೂರು ಚೂರು ಗಾಜನ್ನು ಕೂರಿಸಿ ಅವಳನ್ನು ಅಲ್ಲಿ ನಿಲ್ಲಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ಹೆಸರಿಲ್ಲದವನಿಗೆ ಕೇ ಒಂದು ಹೆಸರು ಕೊಟ್ಟರು, ಒಂದು ಮನೆ ಕೊಟ್ಟರು, ದುಃಖವನ್ನೂ ಕೊಟ್ಟರು. ಇದು ಮಕ್ಕಳ ಪುಸ್ತಕವೆ? ನೀವೇ ಓದಿ ಹೇಳಿ.